ಲಿನಕ್ಸ್ ಡ್ರೈವರ್‌ನ ಕ್ಲಾಕ್ ಪ್ಯಾಚ್ ರಿವ್ಯೂ ಮಾಡುವ ಬಗೆ

ಒಂದು ಎಸ್‌ಪಿಐ (ಚಿಪ್‌ಗಳ ನಡುವೆ ಮಾತು ಸಾಗಿಸುವ ಸೀರಿಯಲ್ ಬಸ್) ಕಂಟ್ರೋಲರ್ ಡ್ರೈವರ್‌ಗೆ ಪ್ಯಾಚ್, ಅಂದರೆ ಕೋಡ್ ಬದಲಾವಣೆ, ಬಂದಿದೆ ಎಂದುಕೊಳ್ಳಿ. ಇಪ್ಪತ್ತೆರಡು ಸಾಲು ತೆಗೆದು ಆರು ಸಾಲು ಸೇರಿಸಿದ್ದಾರೆ. ಸಾಧನವನ್ನು ಡ್ರೈವರ್‌ಗೆ ಜೋಡಿಸುವಾಗ ಓಡುವ ಪ್ರೋಬ್ ಫಂಕ್ಷನ್‌ನಲ್ಲಿದ್ದ ಡೆವ್‌ಎಂ_ಕ್ಲಾಕ್_ಗೆಟ್, ಅದರ ಕೆಳಗಿನ ಕ್ಲಾಕ್_ಪ್ರಿಪೇರ್_ಎನೇಬಲ್, ಎರಡು ಗೋಟು ಲೇಬಲ್ ಎಲ್ಲ ಹೋಗಿ, ಆ ಜಾಗದಲ್ಲಿ ಡೆವ್‌ಎಂ_ಕ್ಲಾಕ್_ಗೆಟ್_ಎನೇಬಲ್ಡ್ ಬಂದು ಕೂತಿದೆ. (ಕೋಡ್‌ನಲ್ಲಿ ಸಿ-ಎಲ್-ಕೆ ಎಂದು ಮೂರೇ ಅಕ್ಷರ ಇರುವುದನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕ್ಲಾಕ್ ಎಂದೇ ಬರೆದಿದೆ. ಕ್ಲಾಕ್ ಎಂದರೆ ಸಾಧನಕ್ಕೆ ತಾಳ ಕೊಡುವ ಮಿಡಿತದ ಸಂಕೇತ. ಡೆವ್‌ಎಂ ಎಂದು ಶುರುವಾಗುವ ಕರೆಗಳಿಂದ ಪಡೆದದ್ದನ್ನು ಸಾಧನ ಕಳಚಿದಾಗ ಕರ್ನಲ್ ತಾನೇ ಬಿಡುತ್ತದೆ.) ನೋಡಲು ಚೊಕ್ಕವಾಗಿದೆ. ಬರವಣಿಗೆಯ ಶೈಲಿ ತಪಾಸಿಸುವ ಚೆಕ್‌ಪ್ಯಾಚ್ ತಕರಾರು ಎತ್ತುವುದಿಲ್ಲ, ಬಿಲ್ಡ್ ಆಗುತ್ತದೆ, ಬೋರ್ಡ್ ಬೂಟ್ ಆಗುತ್ತದೆ. ಆದರೂ ಐದು ನಿಮಿಷದಲ್ಲಿ ‘ರಿವ್ಯೂಡ್-ಬೈ’ ಎಂಬ ಒಪ್ಪಿಗೆಯ ಸಾಲು ಹಾಕಿ ಕಳಿಸಬೇಡಿ. ಕ್ಲಾಕ್ ತಪ್ಪುಗಳು ಬಹುಪಾಲು ಕೂತಿರುವುದು ಪ್ಯಾಚ್ ಮುಟ್ಟದೆ ಬಿಟ್ಟ ಸಾಲುಗಳಲ್ಲಿ. ಮೇಲಾಗಿ ‘ನನ್ನ ಬೋರ್ಡ್‌ನಲ್ಲಿ ಓಡುತ್ತದೆ’ ಎಂಬ ಮಾತಿಗೆ ಕ್ಲಾಕ್ ವಿಷಯದಲ್ಲಿ ಬಹಳ ಕಡಿಮೆ ಬೆಲೆ: ಬೂಟ್‌ಲೋಡರ್ ಆನ್ ಮಾಡಿಟ್ಟ ಕ್ಲಾಕ್, ಪಕ್ಕದ ಸಾಧನ ಹಿಡಿದುಕೊಂಡಿರುವ ಕ್ಲಾಕ್, ಎರಡೂ ನಿಮ್ಮ ಡ್ರೈವರ್‌ನ ತಪ್ಪನ್ನು ಮುಚ್ಚಿಹಾಕುತ್ತವೆ.

ಮೊದಲು ಪೂರ್ತಿ ಫಂಕ್ಷನ್ ಓದಿ

ಡಿಫ್ ಮಾತ್ರ ಓದಿ ಅಭಿಪ್ರಾಯ ಬರೆಯಬೇಡಿ. ಪ್ಯಾಚನ್ನು ಸರಿಯಾದ ಬೇಸ್ ಮೇಲೆ ಹಚ್ಚಿ, ‘ಗಿಟ್ ಶೋ’ಗೆ ದೊಡ್ಡ ಡಬ್ಲ್ಯೂ ಆಯ್ಕೆ ಕೊಟ್ಟರೆ ಬದಲಾದ ಫಂಕ್ಷನ್ ಪೂರ್ತಿಯಾಗಿ ಕಾಣುತ್ತದೆ. ಅದೂ ಸಾಲದು. ಪ್ರೋಬ್, ರಿಮೂವ್, ರನ್‌ಟೈಮ್ ಸಸ್ಪೆಂಡ್, ರನ್‌ಟೈಮ್ ರೆಸ್ಯೂಮ್, ಸಿಸ್ಟಂ ಸಸ್ಪೆಂಡ್ ಮತ್ತು ರೆಸ್ಯೂಮ್ ಈ ಆರು ಫಂಕ್ಷನ್‌ಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಿ. ಪ್ಯಾಚ್ ಇವುಗಳಲ್ಲಿ ಒಂದನ್ನೇ ಮುಟ್ಟಿದ್ದರೂ ಉಳಿದ ಐದನ್ನು ಓದಲೇಬೇಕು. ಜೊತೆಗೆ ಡಿವೈಸ್ ಟ್ರೀ (ಬೋರ್ಡ್‌ನ ಹಾರ್ಡ್‌ವೇರ್ ವಿವರಿಸುವ ಕಡತ) ಬೈಂಡಿಂಗ್, ಅಂದರೆ ಅದರಲ್ಲಿ ಸಾಧನವನ್ನು ಹೇಗೆ ಬರೆಯಬೇಕೆಂಬ ನಿಯಮ, ತೆರೆದು ಸಾಧನಕ್ಕೆ ಎಷ್ಟು ಕ್ಲಾಕ್, ಯಾವುದು ರಿಜಿಸ್ಟರ್ ಓದಲು ಬೇಕಾದ ಬಸ್ ಕ್ಲಾಕ್, ಯಾವುದು ಕೆಲಸ ನಡೆಸುವ ಕ್ಲಾಕ್ ಎಂದು ಬರೆದುಕೊಳ್ಳಿ.

ಹಿನ್ನೆಲೆಯಾಗಿ ಇಷ್ಟು ನೆನಪಿರಲಿ. 2012ರಲ್ಲಿ 3.4 ಕರ್ನಲ್‌ಗೆ ಬಂದ ಕಾಮನ್ ಕ್ಲಾಕ್ ಫ್ರೇಮ್‌ವರ್ಕ್ ಪ್ರತಿ ಕ್ಲಾಕ್‌ಗೂ ಪ್ರಿಪೇರ್ ಮತ್ತು ಎನೇಬಲ್ ಎಂಬ ಎರಡು ಎಣಿಕೆ ಇಟ್ಟಿರುತ್ತದೆ. ಪ್ರಿಪೇರ್ ಮ್ಯೂಟೆಕ್ಸ್ ಎಂಬ ಬೀಗ ಹಿಡಿಯುತ್ತದೆ, ಮಲಗಬಹುದು, ಅಂದರೆ ಕಾಯುತ್ತ ಸಿಪಿಯು ಬಿಟ್ಟುಕೊಡಬಹುದು. ಪಿಎಲ್‌ಎಲ್ (ಕ್ಲಾಕ್ ಹುಟ್ಟಿಸುವ ಸರ್ಕ್ಯೂಟ್) ಲಾಕ್ ಆಗುವವರೆಗೆ ಕಾಯುವುದು, ಐಸ್ಕ್ವೇರ್‌ಸಿ ಮೇಲೆ ಕೂತ ಕ್ಲಾಕ್ ಚಿಪ್‌ಗೆ ಮಾತಾಡುವುದು ಇಲ್ಲೇ ನಡೆಯುತ್ತದೆ. ಎನೇಬಲ್ ಸ್ಪಿನ್‌ಲಾಕ್ ಹಿಡಿಯುತ್ತದೆ, ಮಲಗುವುದಿಲ್ಲ. ಈ ಎಣಿಕೆಗಳು ಇರುವುದು ಕ್ಲಾಕ್‌ನ ಮಟ್ಟದಲ್ಲಿ. ಯಾವ ಡ್ರೈವರ್ ಎಷ್ಟು ಸಲ ಎನೇಬಲ್ ಮಾಡಿತು ಎಂಬ ಪ್ರತ್ಯೇಕ ಲೆಕ್ಕ ಫ್ರೇಮ್‌ವರ್ಕ್ ಇಡುವುದಿಲ್ಲ. ಮುಂದೆ ಬರುವ ಅರ್ಧದಷ್ಟು ತೊಂದರೆಗೆ ಇದೇ ಮೂಲ.

ಜಮಾ-ಖರ್ಚು ಬರೆಯಿರಿ

ಒಂದು ಕಾಗದದ ಮೇಲೆ ಪ್ರತಿ ಕ್ಲಾಕ್‌ಗೂ ಒಂದು ಕಂಬಸಾಲು ಹಾಕಿ. ಎನೇಬಲ್ ಆದಲ್ಲೆಲ್ಲ ಕೂಡಿಸಿ ಒಂದು, ಡಿಸೇಬಲ್ ಆದಲ್ಲೆಲ್ಲ ಕಳೆದು ಒಂದು. ಪ್ರೋಬ್ ಸರಿಯಾಗಿ ಮುಗಿದು ಕೊನೆಗೆ ರಿಮೂವ್ ಆದ ದಾರಿ, ಪ್ರೋಬ್‌ನ ಪ್ರತಿಯೊಂದು ತಪ್ಪಿನ ದಾರಿ, ಓಡುವಾಗ ಅನ್‌ಬೈಂಡ್ (ಡ್ರೈವರ್‌ನಿಂದ ಸಾಧನ ಕಳಚುವುದು), ಮಲಗಿರುವಾಗ ಅನ್‌ಬೈಂಡ್, ಹೀಗೆ ಪ್ರತಿ ದಾರಿಯ ಕೊನೆಯಲ್ಲೂ ಸೊನ್ನೆ ಬರಬೇಕು. ಬಾಲಿಶ ಅನ್ನಿಸಬಹುದು, ಆದರೆ ಇಷ್ಟು ಬೇಗ ತಪ್ಪು ಹಿಡಿಯುವ ಬೇರೆ ಉಪಾಯ ಇಲ್ಲ.

ಮೇಲಿನ ಎಸ್‌ಪಿಐ ಪ್ಯಾಚನ್ನೇ ಈ ಲೆಕ್ಕಕ್ಕೆ ಹಚ್ಚೋಣ. ಡ್ರೈವರ್‌ಗೆ ರನ್‌ಟೈಮ್ ಪಿಎಂ (ಕೆಲಸವಿಲ್ಲದಾಗ ಸಾಧನವನ್ನು ಮಲಗಿಸುವ ವಿದ್ಯುತ್ ನಿರ್ವಹಣೆ) ಇದೆ: ರನ್‌ಟೈಮ್ ಸಸ್ಪೆಂಡ್ ಕ್ಲಾಕ್ ಆಫ್ ಮಾಡುತ್ತದೆ, ರನ್‌ಟೈಮ್ ರೆಸ್ಯೂಮ್ ಆನ್ ಮಾಡುತ್ತದೆ. ಪ್ಯಾಚ್ ಈ ಎರಡನ್ನೂ ಮುಟ್ಟಿಲ್ಲ.

ಸಾಧನ ಎದ್ದಿದೆ ಎಂದು ಪಿಎಂ ಕೋರ್‌ಗೆ ತಿಳಿಸುವ ಪಿಎಂ_ರನ್‌ಟೈಮ್_ಸೆಟ್_ಆಕ್ಟಿವ್ ಅನ್ನು ಪ್ರೋಬ್‌ನಲ್ಲಿ ಕರೆದಿದ್ದರೆ: ಪ್ರೋಬ್ ಮುಗಿದಾಗ ಎಣಿಕೆ 1. ಸಾಧನಕ್ಕೆ ಕೆಲಸವಿಲ್ಲ, ರನ್‌ಟೈಮ್ ಸಸ್ಪೆಂಡ್ ಆಯಿತು, ಎಣಿಕೆ 0. ಈಗ ಅನ್‌ಬೈಂಡ್ ಮಾಡಿದರೆ ಡೆವ್‌ಎಂ ತನ್ನ ಪಾಲಿನ ಡಿಸೇಬಲ್ ಕರೆಯುತ್ತದೆ. ಸೊನ್ನೆಯಿಂದ ಒಂದು ಕಳೆಯಲು ಹೋಗಿ ‘ಆಲ್ರೆಡಿ ಡಿಸೇಬಲ್ಡ್’, ಅದರ ಬೆನ್ನಿಗೇ ‘ಆಲ್ರೆಡಿ ಅನ್‌ಪ್ರಿಪೇರ್ಡ್’ ಎಂಬ ಎರಡು ವಾರ್ನಿಂಗ್ ಸ್ಟ್ಯಾಕ್ ಟ್ರೇಸ್ ಸಮೇತ ಬೀಳುತ್ತವೆ.

ಸೆಟ್_ಆಕ್ಟಿವ್ ಕರೆಯದೆ ಇದ್ದರೆ: ಪ್ರೋಬ್ ಮುಗಿದಾಗ ಎಣಿಕೆ 1, ಆದರೆ ಪಿಎಂ ಕೋರ್ ಸಾಧನ ಮಲಗಿದೆ ಎಂದೇ ನಂಬಿದೆ. ಮೊದಲ ಟ್ರಾನ್ಸ್‌ಫರ್‌ಗೆ ರನ್‌ಟೈಮ್ ರೆಸ್ಯೂಮ್ ಓಡಿ ಎಣಿಕೆ 2. ಕೆಲಸ ಮುಗಿದು ಸಸ್ಪೆಂಡ್ ಆದರೆ 1. ಅಲ್ಲಿಂದ ಕೆಳಗೆ ಇಳಿಯುವುದೇ ಇಲ್ಲ. ಅನ್‌ಬೈಂಡ್ ಮಾಡಿದಾಗ ಡೆವ್‌ಎಂ ಆ ಒಂದನ್ನು ಕಳೆದು ಸೊನ್ನೆ ಮಾಡುತ್ತದೆ, ಲೆಕ್ಕ ಸರಿಹೋಯಿತು, ಒಂದು ವಾರ್ನಿಂಗೂ ಇಲ್ಲ. ಆದರೆ ಬೋರ್ಡ್ ಓಡುವಷ್ಟು ಹೊತ್ತೂ ಕ್ಲಾಕ್ ಆಫ್ ಆಗಲೇ ಇಲ್ಲ. ಬ್ಯಾಟರಿ ಬೇಗ ಇಳಿಯುತ್ತದೆ ಎಂಬ ದೂರು ತಿಂಗಳುಗಳ ನಂತರ ಬರುತ್ತದೆ, ಆಗ ಈ ಪ್ಯಾಚ್ ಯಾರಿಗೂ ನೆನಪಿರುವುದಿಲ್ಲ. ನಮ್ಮ ಲೆಕ್ಕದಲ್ಲಿ ಗಲಾಟೆ ಮಾಡುವ ಮೊದಲ ತಪ್ಪಿಗಿಂತ ಸದ್ದಿಲ್ಲದ ಈ ಎರಡನೆಯದೇ ಕೆಟ್ಟದ್ದು.

ಮೊದಲ ತಪ್ಪಿಗೂ ಒಂದು ಸದ್ದಿಲ್ಲದ ರೂಪವಿದೆ. ಆ ಬಸ್ ಕ್ಲಾಕನ್ನು ಇನ್ನೊಂದು ಸಾಧನವೂ ಹಿಡಿದಿದ್ದರೆ ಎಣಿಕೆ 0 ಆಗಿರುವುದಿಲ್ಲ, 1 ಇರುತ್ತದೆ. ನಮ್ಮ ಎರಡನೇ ಡಿಸೇಬಲ್ ಆ ಸಾಧನದ ಪಾಲನ್ನು ಕದ್ದು ಕ್ಲಾಕ್ ಆಫ್ ಮಾಡಿಬಿಡುತ್ತದೆ. ವಾರ್ನಿಂಗ್ ಬರುವುದು ಆ ಇನ್ನೊಂದು ಡ್ರೈವರ್ ತನ್ನ ಕ್ಲಾಕ್ ಆಫ್ ಮಾಡುವಾಗ. ಕದ್ದವನು ಒಬ್ಬ, ಸಿಕ್ಕಿಬೀಳುವವನು ಇನ್ನೊಬ್ಬ.

ಪರಿಹಾರ ಎರಡು ಬಗೆ. ರನ್‌ಟೈಮ್ ಪಿಎಂ ಕೈಗೇ ಕ್ಲಾಕ್ ಪೂರ್ತಿ ಒಪ್ಪಿಸಿ, ಪ್ರೋಬ್‌ನಲ್ಲಿ ಬರೀ ಡೆವ್‌ಎಂ_ಕ್ಲಾಕ್_ಗೆಟ್ ಇಟ್ಟುಕೊಳ್ಳುವುದು ಒಂದು. ಇಲ್ಲವೇ ಪ್ರೋಬ್‌ನಲ್ಲಿ ಸೆಟ್_ಆಕ್ಟಿವ್ ಇಟ್ಟು, ರಿಮೂವ್‌ನಲ್ಲಿ ಮೊದಲು ಪಿಎಂ_ರನ್‌ಟೈಮ್_ಗೆಟ್_ಸಿಂಕ್ ಕರೆದು ಸಾಧನವನ್ನು ಎಬ್ಬಿಸಿ, ನಂತರ ಪಿಎಂ_ರನ್‌ಟೈಮ್_ಡಿಸೇಬಲ್, ಕೊನೆಗೆ ಪುಟ್_ನೋಐಡಲ್ ಕರೆಯುವುದು. ಆಗ ಕ್ಲಾಕ್ ಆನ್ ಇರುವಾಗಲೇ ಡೆವ್‌ಎಂ ಸರದಿ ಬರುತ್ತದೆ. ಎರಡರಲ್ಲಿ ಮೊದಲನೆಯದನ್ನೇ ಕೇಳಿ. ಒಂದು ಕ್ಲಾಕ್‌ಗೆ ಇಬ್ಬರು ಯಜಮಾನರು ಬೇಡ. ಆದರೆ ಹಾಗೆ ಮಾಡಿದಾಗ ಸಿಒಎನ್‌ಎಫ್‌ಐಜಿ_ಪಿಎಂ ಇಲ್ಲದ ಬಿಲ್ಡ್‌ನಲ್ಲಿ ರನ್‌ಟೈಮ್ ರೆಸ್ಯೂಮ್ ಓಡುವುದೇ ಇಲ್ಲ, ಕ್ಲಾಕ್ ಆನ್ ಆಗುವುದೂ ಇಲ್ಲ ಎಂಬುದನ್ನು ಪ್ಯಾಚ್ ಬರೆದವರಿಗೆ ನೆನಪಿಸಿ. ಕೆಲವು ಪ್ಲಾಟ್‌ಫಾರ್ಮ್‌ಗಳ ಕೆಕಾನ್ಫಿಗ್ (ಬಿಲ್ಡ್ ಆಯ್ಕೆಗಳ ಕಡತ) ಪಿಎಂ ಅನ್ನು ಕಡ್ಡಾಯವಾಗಿ ಆರಿಸುತ್ತದೆ, ಅಂಥಲ್ಲಿ ಈ ಆಕ್ಷೇಪ ಬೇಡ.

ಕ್ಲಾಕ್ ಪಡೆಯುವ ಸಾಲು

ಇಲ್ಲಿ ನೋಡಬೇಕಾದ್ದು ನಾಲ್ಕು.

1. ತಪ್ಪಾಗಿದೆಯೇ ಎಂಬ ಪರೀಕ್ಷೆ ಈಸ್_ಇಆರ್‌ಆರ್‌ನಿಂದ ಇರಬೇಕು. ಈಸ್_ಇಆರ್‌ಆರ್_ಆರ್_ನಲ್ ಕಂಡರೆ ಪ್ರಶ್ನಿಸಿ. ಕ್ಲಾಕ್ ಎಪಿಐಗೆ ನಲ್ ಎಂದರೆ ‘ಕ್ಲಾಕ್ ಇಲ್ಲ, ಆದರೂ ಸರಿ’ ಎಂಬ ಸಿಂಧು ಉತ್ತರ. ನಲ್ ಕೊಟ್ಟು ಎನೇಬಲ್ ಕರೆದರೆ ಅದು ಸುಮ್ಮನೆ 0 ಹಿಂದಿರುಗಿಸುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ನಲ್‌ಗೆ ಪಿಟಿಆರ್_ಇಆರ್‌ಆರ್ ಹಾಕಿ ರಿಟರ್ನ್ ಮಾಡಿದರೆ ಸೊನ್ನೆ ಹೋಗುತ್ತದೆ. ಪ್ರೋಬ್ ಅರ್ಧಕ್ಕೇ ನಿಂತಿರುತ್ತದೆ, ಡ್ರೈವರ್ ಕೋರ್ ಅದು ಗೆದ್ದಿತು ಎಂದುಕೊಳ್ಳುತ್ತದೆ.

2. ಇಪ್ರೋಬ್_ಡಿಫರ್ (‘ಈಗಲ್ಲ, ಆಮೇಲೆ ಮತ್ತೆ ಪ್ರೋಬ್ ಮಾಡಿ’ ಎಂಬ ಎರರ್ ಕೋಡ್), ಅಂದರೆ ಮೈನಸ್ 517, ಹಾಗೇ ಮೇಲಕ್ಕೆ ಹೋಗಬೇಕು. ‘ಕ್ಲಾಕ್ ಸಿಗದಿದ್ದರೆ ಇಎನ್‌ಒಡಿಇವಿ’ ಎಂದು ಬದಲಿಸಿ ಕಳಿಸಿದರೆ ಕ್ಲಾಕ್ ಡ್ರೈವರ್ ತಡವಾಗಿ ಬಂದ ದಿನ ಸಾಧನವೇ ಮಾಯ. 5.9ರಿಂದ ಇರುವ ಡೆವ್_ಇಆರ್‌ಆರ್_ಪ್ರೋಬ್ ಬಳಸಿದರೆ ಡಿಫರ್ ಆದಾಗ ಲಾಗ್ ತುಂಬಿಸುವುದಿಲ್ಲ, ಕೋಡ್ ಕೂಡ ಬದಲಾಗುವುದಿಲ್ಲ.

3. ‘ಇದ್ದರೆ ಇರಲಿ’ ಎನ್ನುವ ಕ್ಲಾಕ್‌ಗೆ ಡೆವ್‌ಎಂ_ಕ್ಲಾಕ್_ಗೆಟ್_ಆಪ್ಷನಲ್ ಬೇಕು. ಹಳೆಯ ಡ್ರೈವರ್‌ಗಳಲ್ಲಿ ಯಾವ ತಪ್ಪು ಬಂದರೂ ‘ಕ್ಲಾಕ್ ಇಲ್ಲ’ ಎಂದು ನಲ್ ಮಾಡಿಕೊಳ್ಳುವ ಅಭ್ಯಾಸವಿದೆ. ಡಿಫರ್ ಕೂಡ ಅದರಲ್ಲೇ ನುಂಗಿಹೋಗುತ್ತದೆ.

4. ಹೆಸರಿಲ್ಲದೆ ನಲ್ ಕೊಟ್ಟು ಪಡೆದ ಕ್ಲಾಕ್ ಎಂದರೆ ಡಿವೈಸ್ ಟ್ರೀ ಪಟ್ಟಿಯ ಮೊದಲನೆಯದು. ಪ್ಯಾಚ್ ಆ ಪಟ್ಟಿಗೆ ಹೊಸ ಕ್ಲಾಕ್ ಸೇರಿಸಿದ್ದರೆ ಅದು ಕೊನೆಯಲ್ಲೇ ಇರಬೇಕು.

ಸ್ಟೇಬಲ್ ಟ್ರೀಗೆ (ಬಿಡುಗಡೆಯಾದ ಕರ್ನಲ್‌ಗಳ ತಿದ್ದುಪಡಿ ಶಾಖೆ) ಹೋಗುವ ಪ್ಯಾಚ್ ಆದರೆ ವರ್ಷನ್ ನೋಡಿ: ಡೆವ್‌ಎಂ_ಕ್ಲಾಕ್_ಗೆಟ್_ಎನೇಬಲ್ಡ್ ಬಂದದ್ದು 6.0ರಲ್ಲಿ. ಅದಕ್ಕಿಂತ ಹಳೆಯ ಕರ್ನಲ್‌ಗೆ ಹೋಗಬೇಕಾದ ತಿದ್ದುಪಡಿಯಲ್ಲಿ ಅದನ್ನು ಬಳಸಿದರೆ ಬ್ಯಾಕ್‌ಪೋರ್ಟ್ ಮಾಡುವವರು ಪರದಾಡುತ್ತಾರೆ.

ತಪ್ಪಿನ ದಾರಿಗಳು

ಪ್ರಿಪೇರ್_ಎನೇಬಲ್ ತಾನೇ ಸೋತರೆ ತನ್ನ ಅರ್ಧ ಕೆಲಸವನ್ನು ತಾನೇ ಹಿಂತೆಗೆದುಕೊಳ್ಳುತ್ತದೆ. ಹಲವು ಕ್ಲಾಕ್ ಒಟ್ಟಿಗೆ ಆನ್ ಮಾಡುವ ಬಲ್ಕ್ ಆವೃತ್ತಿಯೂ ಅಷ್ಟೆ, ಮೂರನೆಯದು ಸೋತರೆ ಮೊದಲೆರಡನ್ನು ಆಫ್ ಮಾಡಿಯೇ ಹಿಂದಿರುಗುತ್ತದೆ. ಆದ್ದರಿಂದ ಸೋತ ಕ್ಲಾಕನ್ನೇ ಡಿಸೇಬಲ್ ಮಾಡುವ ಲೇಬಲ್‌ಗೆ ಹಾರಿದ್ದರೆ ಅದು ತಪ್ಪು. ಹಾರಬೇಕಾದ್ದು ಅದಕ್ಕಿಂತ ಒಂದು ಹೆಜ್ಜೆ ಹಿಂದಿನ ಲೇಬಲ್‌ಗೆ. ಲೇಬಲ್‌ಗೆ ‘ಎರರ್1’, ‘ಎರರ್2’ ಎಂದು ಹೆಸರಿದ್ದರೆ, ಮಾಡುವ ಕೆಲಸದ ಹೆಸರಿಡಿ ಎಂದು ಕೇಳುವುದು ಚಿಲ್ಲರೆ ಮಾತಲ್ಲ. ಓದುವಾಗ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ.

ಪ್ಯಾಚ್ ನಡುವೆ ಹೊಸ ‘ರಿಟರ್ನ್’ ಸೇರಿಸಿದ್ದರೆ ಅಲ್ಲಿಗೆ ಬರುವಷ್ಟರಲ್ಲಿ ಏನೇನು ಆನ್ ಆಗಿದೆ ಎಂದು ಲೆಕ್ಕ ನೋಡಿ. ಸೋರಿಕೆಗೆ ಅತಿ ಸಾಮಾನ್ಯ ಕಾರಣ ಇದೇ, ಕೋಡ್ ಓಡಿಸದೆ ತಪಾಸಿಸುವ ಸ್ಮ್ಯಾಚ್ ಉಪಕರಣವೂ ಇದನ್ನು ಹಿಡಿಯುತ್ತದೆ. ರೆಸ್ಯೂಮ್ ಫಂಕ್ಷನ್‌ನಲ್ಲಿ ಎನೇಬಲ್‌ನ ಹಿಂದಿರುಗಿಕೆಯನ್ನು ನೋಡದೆ ಮುಂದೆ ಹೋಗಿ ರಿಜಿಸ್ಟರ್ ಬರೆಯುವುದೂ ಬೇಕಾದಷ್ಟು ಕಾಣುತ್ತದೆ.

ಡೆವ್‌ಎಂ ಮತ್ತು ಕೈಯಾರೆ ಮಾಡುವುದರ ಬೆರಕೆ

ಡೆವ್‌ಎಂ ಪಡೆದದ್ದನ್ನೆಲ್ಲ ರಿಮೂವ್ ಮುಗಿದ ಮೇಲೆ, ಪಡೆದದ್ದಕ್ಕೆ ತಿರುಗುಮುರುಗಾಗಿ ಬಿಡುತ್ತದೆ. ಈಗ ಈ ಜೋಡಿ ನೋಡಿ: ಕಂಟ್ರೋಲರ್ ನೋಂದಣಿ ಡೆವ್‌ಎಂ_ಎಸ್‌ಪಿಐ_ರಿಜಿಸ್ಟರ್_ಕಂಟ್ರೋಲರ್‌ನಿಂದ, ಕ್ಲಾಕ್ ಆಫ್ ಮಾಡುವುದು ರಿಮೂವ್‌ನಲ್ಲಿ ಕೈಯಾರೆ. ರಿಮೂವ್ ಓಡಿ ಕ್ಲಾಕ್ ಹೋಯಿತು, ಆದರೆ ಕಂಟ್ರೋಲರ್ ಇನ್ನೂ ನೋಂದಣಿಯಲ್ಲೇ ಇದೆ. ಆ ಗಳಿಗೆಯಲ್ಲಿ ಟ್ರಾನ್ಸ್‌ಫರ್ ಬಂದರೆ ಕ್ಲಾಕ್ ಇಲ್ಲದ ರಿಜಿಸ್ಟರ್ ಮುಟ್ಟಿದಂತೆ. ಆರ್ಮ್ ಚಿಪ್‌ಗಳಲ್ಲಿ ಅದೃಷ್ಟವಿದ್ದರೆ ಎಕ್ಸ್‌ಟರ್ನಲ್ ಅಬಾರ್ಟ್ ಬಂದು ಎಲ್ಲಿ ಬಿದ್ದಿತು ಎಂದಾದರೂ ತಿಳಿಯುತ್ತದೆ. ಇಲ್ಲದಿದ್ದರೆ ಬಸ್ ಸಿಕ್ಕಿಕೊಂಡು ಕನ್ಸೋಲ್‌ನಲ್ಲಿ ಒಂದಕ್ಷರವೂ ಬರದೆ ಬೋರ್ಡ್ ನಿಲ್ಲುತ್ತದೆ.

ಇಂಟರಪ್ಟ್‌ಗೂ ಇದೇ ಮಾತು. ಪ್ರೋಬ್‌ನಲ್ಲಿ ಮೊದಲು ಡೆವ್‌ಎಂ_ರಿಕ್ವೆಸ್ಟ್_ಐಆರ್‌ಕ್ಯೂ, ಆಮೇಲೆ ಕ್ಲಾಕ್ ಪಡೆದಿದ್ದರೆ ಬಿಡುವಾಗ ಕ್ಲಾಕ್ ಮೊದಲು ಹೋಗುತ್ತದೆ. ಹಂಚಿಕೆಯ ಇಂಟರಪ್ಟ್ ಗೆರೆಯಾದರೆ ಪಕ್ಕದ ಸಾಧನ ಎಬ್ಬಿಸಿದರೂ ನಮ್ಮ ಹ್ಯಾಂಡ್ಲರ್ ಓಡಿ ಸ್ಟೇಟಸ್ ರಿಜಿಸ್ಟರ್ ಓದಲು ಹೋಗುತ್ತದೆ. ಸಿಒಎನ್‌ಎಫ್‌ಐಜಿ_ಡಿಬಗ್_ಎಸ್‌ಎಚ್‌ಐಆರ್‌ಕ್ಯೂ ಆನ್ ಮಾಡಿದ ಕರ್ನಲ್, ಹಂಚಿಕೆಯ ಇಂಟರಪ್ಟ್ ಬಿಡುವಾಗ ಬೇಕೆಂದೇ ಒಂದು ಸುಳ್ಳು ಇಂಟರಪ್ಟ್ ಎಬ್ಬಿಸಿ ಇದನ್ನು ಪರೀಕ್ಷಿಸುತ್ತದೆ. ಆದ್ದರಿಂದ ಕ್ರಮ ಹೀಗಿರಲಿ: ಕ್ಲಾಕ್, ರಿಸೆಟ್, ಆಮೇಲೆ ಇಂಟರಪ್ಟ್, ಎಲ್ಲಕ್ಕೂ ಕೊನೆಗೆ ನೋಂದಣಿ. ಕ್ಲಾಕ್ ಮತ್ತು ರಿಸೆಟ್‌ಗಳಲ್ಲಿ ಯಾವುದು ಮೊದಲು ಎಂಬುದನ್ನು ಚಿಪ್‌ನ ಮ್ಯಾನುಯಲ್ ನೋಡಿಯೇ ಹೇಳಬೇಕು.

ರನ್‌ಟೈಮ್ ಪಿಎಂ ಕರೆಗಳಲ್ಲಿ ಇನ್ನೆರಡು

ಪಿಎಂ_ರನ್‌ಟೈಮ್_ಗೆಟ್_ಸಿಂಕ್ ಸೋತರೂ ಬಳಕೆಯ ಎಣಿಕೆ ಏರಿಯೇ ಇರುತ್ತದೆ. ಸೋತ ದಾರಿಯಲ್ಲಿ ಪುಟ್ ಇಲ್ಲದಿದ್ದರೆ ಸಾಧನ ಮತ್ತೆ ಮಲಗುವುದಿಲ್ಲ. ಮೇಲಾಗಿ ಸಾಧನ ಮೊದಲೇ ಎದ್ದಿದ್ದರೆ ಅದು 1 ಹಿಂದಿರುಗಿಸುತ್ತದೆ, ಹಾಗಾಗಿ ‘ಸೊನ್ನೆ ಅಲ್ಲದಿದ್ದರೆ ತಪ್ಪು’ ಎಂಬ ಪರೀಕ್ಷೆಯೇ ತಪ್ಪು. ಪಿಎಂ_ರನ್‌ಟೈಮ್_ರೆಸ್ಯೂಮ್_ಅಂಡ್_ಗೆಟ್ ಬಳಸಲು ಹೇಳಿದರೆ ಎರಡೂ ಒಟ್ಟಿಗೆ ತೀರುತ್ತವೆ. ಇನ್ನು ಸಿಸ್ಟಂ ಸಸ್ಪೆಂಡ್‌ನಲ್ಲಿ ನೇರವಾಗಿ ಕ್ಲಾಕ್ ಆಫ್ ಮಾಡಿದ್ದರೆ, ರನ್‌ಟೈಮ್‌ನಲ್ಲಿ ಮೊದಲೇ ಮಲಗಿದ್ದ ಸಾಧನಕ್ಕೆ ಎರಡನೇ ಸಲ ಡಿಸೇಬಲ್ ಆಗುತ್ತದೆ. ಪಿಎಂ_ರನ್‌ಟೈಮ್_ಫೋರ್ಸ್_ಸಸ್ಪೆಂಡ್ ಇರುವುದೇ ಇಂಥ ಕಡೆಗೆ.

ಇಂಟರಪ್ಟ್ ಹ್ಯಾಂಡ್ಲರ್ ಒಳಗೆ ಅಥವಾ ಸ್ಪಿನ್‌ಲಾಕ್ ಹಿಡಿದಿರುವಾಗ ಪ್ರಿಪೇರ್_ಎನೇಬಲ್, ಸೆಟ್_ರೇಟ್, ಗೆಟ್_ರೇಟ್ ಕರೆದಿದ್ದರೆ ಅಲ್ಲೇ ನಿಲ್ಲಿಸಿ. ಮೂರೂ ಮ್ಯೂಟೆಕ್ಸ್ ಹಿಡಿಯುತ್ತವೆ. ಸಿಒಎನ್‌ಎಫ್‌ಐಜಿ_ಡಿಬಗ್_ಅಟಾಮಿಕ್_ಸ್ಲೀಪ್ ಇದ್ದರೆ ಓಡಿಸಿದಾಗ ಬೈಯಬಹುದು.

ರೇಟ್ ಮತ್ತು ಭಾಗಾಕಾರ

ಗೆಟ್_ರೇಟ್ ಕೊಡುವ ಸಂಖ್ಯೆಗೆ ಕ್ಲಾಕ್ ಎನೇಬಲ್ ಆದ ಮೇಲಷ್ಟೇ ಅರ್ಥವಿದೆ ಎಂದು ಎಪಿಐ ಹೆಡರ್‌ನಲ್ಲೇ ಬರೆದಿದೆ. ಅದು 0 ಕೂಡ ಆಗಬಹುದು. ಆ ಸಂಖ್ಯೆಯಿಂದ ಭಾಗಿಸುವ ಮುನ್ನ ಪರೀಕ್ಷೆ ಇದೆಯೇ ನೋಡಿ. ಸೆಟ್_ರೇಟ್ 0 ಹಿಂದಿರುಗಿಸಿತು ಎಂದರೆ ಕೇಳಿದ ರೇಟೇ ಸಿಕ್ಕಿತು ಎಂದಲ್ಲ, ಹಾರ್ಡ್‌ವೇರ್ ಕೊಡಬಲ್ಲದ್ದು ಸಿಕ್ಕಿತು ಎಂದಷ್ಟೆ. ನಂತರ ಗೆಟ್_ರೇಟ್ ಕರೆದು ನಿಜವಾದ ಸಂಖ್ಯೆಯಿಂದಲೇ ಡಿವೈಡರ್ ಲೆಕ್ಕ ಹಾಕಬೇಕು.

ಭಾಗಿಸುವಾಗ ಯಾವ ಕಡೆಗೆ ಸರಿಹೊಂದಿಸುತ್ತಾರೆ ಎಂಬುದು ಸಾಧನದ ಮೇಲೆ ನಿಂತಿದೆ. ಕ್ಯಾಲ್ಕುಲೇಟರ್ ಹಿಡಿದು ಒಂದೆರಡು ಸಂಖ್ಯೆ ಹಾಕಿ ನೋಡಿ. ಎಸ್‌ಪಿಐ ಚಿಪ್ 10 ಮೆಗಾಹರ್ಟ್ಸ್‌ವರೆಗೆ ತಾಳುತ್ತದೆ, ಮೂಲ ಕ್ಲಾಕ್ 48 ಮೆಗಾಹರ್ಟ್ಸ್. ಸಾದಾ ಸಿ ಭಾಗಾಕಾರ 4.8 ಅನ್ನು 4 ಮಾಡುತ್ತದೆ, ಗೆರೆಯ ಮೇಲೆ 12 ಮೆಗಾಹರ್ಟ್ಸ್ ಹೋಗುತ್ತದೆ, ಮಿತಿ ದಾಟಿತು. ಡಿಐವಿ_ರೌಂಡ್_ಅಪ್ ಹಾಕಿದರೆ 5, ಅಂದರೆ 9.6 ಮೆಗಾಹರ್ಟ್ಸ್. ಅದೇ ಯುಆರ್ಟ್‌ಗೆ (ಸೀರಿಯಲ್ ಪೋರ್ಟ್) ಮೇಲಕ್ಕೂ ಬೇಡ ಕೆಳಕ್ಕೂ ಬೇಡ, ಹತ್ತಿರದ್ದು ಬೇಕು. 40 ಮೆಗಾಹರ್ಟ್ಸ್ ಮೂಲ, 16 ಪಟ್ಟು ಸ್ಯಾಂಪಲಿಂಗ್, 115200 ಬಾಡ್ ಎಂದರೆ ಭಾಜಕ 21.7. ಬಾಲ ಕತ್ತರಿಸಿ 21 ಮಾಡಿದರೆ 119047 ಬಾಡ್, ಶೇ. 3.3ರಷ್ಟು ಹೆಚ್ಚು, ಎದುರುಗಡೆಯವರ ಕ್ಲಾಕ್ ಕೊಂಚ ನಿಧಾನವಾಗಿದ್ದರೆ ಅಕ್ಷರಗಳು ಕಲಸುಮೇಲೋಗರ. ಡಿಐವಿ_ರೌಂಡ್_ಕ್ಲೋಸೆಸ್ಟ್‌ನಿಂದ 22 ಬರುತ್ತದೆ, 113636 ಬಾಡ್, ತಪ್ಪು ಶೇ. 1.4ರೊಳಗೆ.

32 ಬಿಟ್ ಆರ್ಮ್‌ನಲ್ಲಿ ಅನ್‌ಸೈನ್ಡ್ ಲಾಂಗ್‌ನ ಮಿತಿ 4,294,967,295. ರೇಟನ್ನು 100ರಿಂದ ಗುಣಿಸುವ ಸಾಲು 48 ಮೆಗಾಹರ್ಟ್ಸ್‌ಗೇ ಉಕ್ಕುತ್ತದೆ: 4,800,000,000 ಆಗಬೇಕಾದಲ್ಲಿ 505,032,704. ಬರೆದವರು 64 ಬಿಟ್ ಬೋರ್ಡ್‌ನಲ್ಲಿ ಪರೀಕ್ಷಿಸಿದ್ದರೆ ಇದು ಕಾಣುವುದೇ ಇಲ್ಲ. ಹಾಗೆಂದು ಯು64 ಮಾಡಿ ಸಾದಾ ಭಾಗಾಕಾರ ಚಿಹ್ನೆ ಹಾಕಿದರೆ 32 ಬಿಟ್‌ನಲ್ಲಿ ಲಿಂಕರ್ ಸೋಲುತ್ತದೆ, ಡಿಐವಿ_ಯು64 ಬೇಕು.

ಡಿವೈಸ್ ಟ್ರೀ

ಹೊಸ ಕ್ಲಾಕನ್ನು ಕಡ್ಡಾಯ ಮಾಡಿದರೆ, ಹಳೆಯ ಡಿಟಿಬಿ (ಕಂಪೈಲ್ ಆದ ಡಿವೈಸ್ ಟ್ರೀ) ಇಟ್ಟುಕೊಂಡು ಕರ್ನಲ್ ಮಾತ್ರ ಬದಲಿಸಿದವರ ಬೋರ್ಡ್ ನಿಲ್ಲುತ್ತದೆ. ಡ್ರೈವರ್ ಅದನ್ನು ಆಪ್ಷನಲ್ ಎಂದೇ ಪಡೆಯಲಿ, ಬೈಂಡಿಂಗ್ ಬೇಕಾದರೆ ಕಡ್ಡಾಯ ಎನ್ನಲಿ. ಬೈಂಡಿಂಗ್ ಬದಲಾವಣೆ ಪ್ರತ್ಯೇಕ ಪ್ಯಾಚ್ ಆಗಿ, ಡ್ರೈವರ್ ಪ್ಯಾಚ್‌ಗಿಂತ ಮುಂಚೆ ಇರಬೇಕು, ಡಿಟಿ_ಬೈಂಡಿಂಗ್_ಚೆಕ್ ದಾಟಿರಬೇಕು. ಡ್ರೈವರ್‌ನಲ್ಲಿ ರೇಟ್ ಸಂಖ್ಯೆ ಬರೆದು ಸೆಟ್_ರೇಟ್ ಕರೆದಿದ್ದರೆ, ಅದು ಒಂದು ಬೋರ್ಡ್‌ಗೆ ಸೇರಿದ್ದೇ ಎಂದು ಕೇಳಿ. ಹೌದಾದರೆ ಅದರ ಜಾಗ ಡಿವೈಸ್ ಟ್ರೀಯ ಮೂಲ ಕಡತವಾದ ಡಿಟಿಎಸ್‌ನ ಅಸೈನ್ಡ್-ಕ್ಲಾಕ್-ರೇಟ್ಸ್.

ಬೋರ್ಡ್ ಕೈಯಲ್ಲಿದ್ದರೆ

ಬೂಟ್ ಆರ್ಗ್ಯುಮೆಂಟ್‌ನಲ್ಲಿ ಕ್ಲಾಕ್_ಇಗ್ನೋರ್_ಅನ್‌ಯೂಸ್ಡ್ ಇದ್ದರೆ ಮೊದಲು ತೆಗೆಯಿರಿ. ಯಾರೂ ಹಿಡಿದಿಲ್ಲದ ಕ್ಲಾಕ್‌ಗಳನ್ನು ಕರ್ನಲ್ ಬೂಟ್‌ನ ಕೊನೆಯ ಹಂತದಲ್ಲಿ ಆಫ್ ಮಾಡುತ್ತದೆ, ಈ ಆಯ್ಕೆ ಅದನ್ನು ತಡೆದು ಬೂಟ್‌ಲೋಡರ್‌ನ ಕೃಪೆಯಲ್ಲಿ ಎಲ್ಲವನ್ನೂ ಓಡಿಸುತ್ತದೆ. ಅದಿಲ್ಲದೆ ಬೂಟ್ ಮಾಡಿ.

ನಂತರ ಕರ್ನಲ್‌ನ ಒಳಸ್ಥಿತಿ ತೋರಿಸುವ ಡಿಬಗ್‌ಎಫ್‌ಎಸ್‌ನ ಕ್ಲಾಕ್ ಡೈರೆಕ್ಟರಿಯಲ್ಲಿರುವ ಕ್ಲಾಕ್_ಸಮ್ಮರಿ ಕಡತ ತೆರೆಯಿರಿ. ಪ್ರತಿ ಸಾಲಿನ ಮೊದಲೆರಡು ಸಂಖ್ಯೆ ಎನೇಬಲ್ ಮತ್ತು ಪ್ರಿಪೇರ್ ಎಣಿಕೆಗಳು. ಡ್ರೈವರ್ ಬೈಂಡ್ ಆಗುವ ಮುನ್ನ ಒಂದು ಪ್ರತಿ ತೆಗೆದಿಡಿ. ಸಿಸ್‌ಎಫ್‌ಎಸ್‌ನ ಬೈಂಡ್ ಮತ್ತು ಅನ್‌ಬೈಂಡ್ ಕಡತಗಳಿಗೆ ಸಾಧನದ ಹೆಸರು ಬರೆಯುತ್ತ ಐವತ್ತು ಸುತ್ತು ಓಡಿಸಿ, ಎರಡನೇ ಪ್ರತಿ ತೆಗೆದು ಹೋಲಿಸಿ. ಸೋರಿಕೆ ಇದ್ದರೆ ಎಣಿಕೆ 50 ಏರಿರುತ್ತದೆ, ಕಣ್ಣುಮುಚ್ಚಿಕೊಂಡರೂ ಕಾಣುತ್ತದೆ. ಸದ್ದಿಲ್ಲದ ಆ ಎರಡನೇ ಬಗೆಯ ತಪ್ಪು ಇದರಲ್ಲಿ ಸಿಗುವುದಿಲ್ಲ. ಅದಕ್ಕೆ ಸಾಧನ ಬೈಂಡ್ ಆಗಿದ್ದು ಸುಮ್ಮನಿರುವಾಗ, ಸಾಧನದ ಪವರ್ ಡೈರೆಕ್ಟರಿಯ ರನ್‌ಟೈಮ್_ಸ್ಟೇಟಸ್ ‘ಸಸ್ಪೆಂಡೆಡ್’ ಎನ್ನುವಾಗ, ಸಮ್ಮರಿಯಲ್ಲಿ 0 ಇದೆಯೇ ಎಂದು ನೋಡಬೇಕು. ಇತರ ಸಾಧನಗಳ ಪಾಲಿರುವ ಕ್ಲಾಕ್ ಆದರೆ ಸೊನ್ನೆಯ ಬದಲು ಬೈಂಡ್‌ಗೆ ಮುಂಚಿನ ಎಣಿಕೆಗೆ ಹೋಲಿಸಿ.

ತಪ್ಪಿನ ದಾರಿ ಪರೀಕ್ಷಿಸಲು ಪ್ರೋಬ್‌ನಲ್ಲಿ ನೋಂದಣಿಗೆ ಮುಂಚೆ ತಾತ್ಕಾಲಿಕವಾಗಿ ಮೈನಸ್ ಇಐಒ ರಿಟರ್ನ್ ಆಗುವಂತೆ ಒಂದು ಸಾಲು ತುರುಕಿ, ಪ್ರೋಬ್ ಸೋತ ಮೇಲೆ ಎಣಿಕೆ ನೋಡಿ. ಯಾರು ಯಾವಾಗ ಆಫ್ ಮಾಡಿದರು ಎಂದು ತಿಳಿಯದಿದ್ದರೆ ಟ್ರೇಸಿಂಗ್‌ನ ಕ್ಲಾಕ್ ಈವೆಂಟ್‌ಗಳನ್ನು ಆನ್ ಮಾಡಿದರೆ ಎನೇಬಲ್, ಡಿಸೇಬಲ್, ಸೆಟ್_ರೇಟ್ ಎಲ್ಲ ಹೊತ್ತಿನ ಸಮೇತ ಸಿಗುತ್ತವೆ.

ಅಭಿಪ್ರಾಯ ಬರೆಯುವಾಗ

‘ಇಲ್ಲಿ ಸೋರಿಕೆ ಇದೆ’ ಎಂದಷ್ಟೇ ಬರೆದರೆ ಮರುದಿನ ‘ಎಲ್ಲಿ?’ ಎಂಬ ಉತ್ತರ ಬರುತ್ತದೆ. ದಾರಿಯನ್ನೇ ಬರೆಯಿರಿ: ‘ಪ್ರೋಬ್‌ನಲ್ಲಿ ಡಿಎಂಎ ಚಾನಲ್ ಸಿಗದೆ ಡಿಫರ್ ಆದರೆ ಈ ರಿಟರ್ನ್‌ನಿಂದ ಹೊರಡುತ್ತೇವೆ, ಆಗ ಬಸ್ ಕ್ಲಾಕ್ ಎಣಿಕೆ 1 ಉಳಿಯುತ್ತದೆ, ಪ್ರತಿ ಮರುಪ್ರಯತ್ನಕ್ಕೂ ಒಂದೊಂದು ಏರುತ್ತದೆ.’ ಲೆಕ್ಕದ ಕಾಗದ ನಿಮ್ಮ ಬಳಿ ಇರುವುದರಿಂದ ಇದಕ್ಕೆ ಎರಡು ನಿಮಿಷವೂ ಬೇಡ.

ಪ್ಯಾಚ್ ಒಂದರಲ್ಲೇ ಹಳೆಯ ಸೋರಿಕೆಯ ತಿದ್ದುಪಡಿ, ಡೆವ್‌ಎಂಗೆ ಬದಲಾವಣೆ ಎರಡೂ ಇದ್ದರೆ ಬೇರೆ ಮಾಡಲು ಹೇಳಿ. ತಿದ್ದುಪಡಿ ಮೊದಲು ಬರಲಿ, ಅದಕ್ಕೆ ಕಮಿಟ್ ಹ್ಯಾಶ್‌ನ ಮೊದಲ 12 ಅಕ್ಷರಗಳ ‘ಫಿಕ್ಸಸ್’ ಟ್ಯಾಗ್ ಇರಲಿ, ಸ್ಟೇಬಲ್ ಟ್ರೀಯವರು ಅಷ್ಟನ್ನೇ ಎತ್ತಿಕೊಳ್ಳುತ್ತಾರೆ. ಎರಡನೇ ಆವೃತ್ತಿ ಬಂದಾಗ ‘ಗಿಟ್ ರೇಂಜ್-ಡಿಫ್’ನಲ್ಲಿ ನೀವು ಹೇಳಿದ್ದಷ್ಟೇ ಬದಲಾಗಿದೆಯೇ ನೋಡಿ, ಬದಲಾದ ದಾರಿಗೆ ಲೆಕ್ಕವನ್ನು ಮತ್ತೊಮ್ಮೆ ಹಾಕಿ. ‘ರಿವ್ಯೂಡ್-ಬೈ’ ಬರೆಯುವುದು ಆಮೇಲೆ.